ಟೀವಿ ಪೆಟ್ಟಿಗೆಯಲ್ಲಿ ಆರು ಖಾನೆ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ಸಿಂಧನೂರಿನಿಂದ ಮಸ್ಕಿಗೆ ಹೊರಟ ಬಸ್ಸಿನಲ್ಲಿ, ನನ್ನ ತೊಡೆಯ ಮೇಲೆ ಒಂದು ಟೀವಿ ಕೂತಿತ್ತು.

ಮರದ ಪೆಟ್ಟಿಗೆ, ಎರಡೂ ಕಡೆ ಸರಿಯುವ ಶಟರ್ ಇರುವ ಹಳೆಯ ಕಪ್ಪು-ಬಿಳುಪು ಟೀವಿ. ಅದರ ನೆತ್ತಿಯ ಮೇಲೆ ನನ್ನ ಗದ್ದ. ಕಂಡಕ್ಟರ್ ಬಂದವನು ನನ್ನನ್ನು ಬಿಟ್ಟು ಅದನ್ನೇ ನೋಡಿದ. ಇದಕ್ಕೂ ಟಿಕೆಟ್ ಆಗುತ್ತದೆ ಎಂದ. ಇದು ಟೀವಿ ಅಲ್ಲ ಎಂದೆ. ಮತ್ತೇನು ಎಂದ. ಆ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇದ್ದಿದ್ದರೆ ನಾನು ಈ ವಾರ ಇಷ್ಟುದ್ದ ಬರೆಯಬೇಕಾಗಿರಲಿಲ್ಲ.

ಶಟರ್ ಸರಿಸಿ ತೋರಿಸಿದೆ. ಒಳಗೆ ಪಿಕ್ಚರ್ ಟ್ಯೂಬ್ ಇಲ್ಲ. ಅದರ ಜಾಗದಲ್ಲಿ ಆರು ತಗಡಿನ ಡಬ್ಬಿ, ಡಬ್ಬಿಯ ಮುಖದ ತುಂಬ ತಿರುಗಿಸುವ ಗುಂಡಿಗಳು, ಒಂದರಿಂದ ಒಂದಕ್ಕೆ ಹಾದ ಕೆಂಪು, ಹಳದಿ ವೈರು. ಹಿಂದಿನ ಸೀಟಿನ ಅಜ್ಜಿ ಎದ್ದು ಬಗ್ಗಿ ನೋಡಿದಳು. ಮರುಮಾತಿಲ್ಲದೆ ಬಳೆ ಹಿಂದಕ್ಕೆ ಸರಿಸಿ ನನ್ನ ಮುಂದೆ ತೋಳು ಚಾಚಿದಳು.

"ನಂದೂ ಒಂದೀಟು ಬಿ.ಪಿ. ನೋಡಬೇ ಯವ್ವಾ."

ನಮ್ಮ ಮನೆಯವರು ಮೂರು ಸೀಟು ಮುಂದೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಅವರ ಕಾಲ ನಡುವೆ ಗೋಣಿಚೀಲ, ಚೀಲದಲ್ಲಿ ನಮ್ಮ ಹೊಲಿಗೆ ಮಷಿನ್ನಿನ ಕಬ್ಬಿಣದ ಪೆಡಲ್. ಇನ್ನೂ ಮದುವೆಯೇ ಆಗದವರಂತೆ ಹೊರಗಿನ ಗದ್ದೆ ನೋಡುತ್ತಿದ್ದರು. (ಮಸ್ಕಿಯಲ್ಲಿ ಇಳಿದ ಮೇಲೆ ಕೇಳಿದರೆ, ಜಾಗ ಸಿಗಲಿಲ್ಲ ಎಂದರು. ಬಸ್ಸು ಅರ್ಧ ಖಾಲಿ ಇತ್ತು.) ಕಂಡಕ್ಟರ್ ಕೊನೆಗೆ ನನ್ನ ತೊಡೆಯ ಮೇಲಿನದನ್ನು ಮಗುವಿನ ಲೆಕ್ಕಕ್ಕೆ ಹಾಕಿ ಅರ್ಧ ಟಿಕೆಟ್ ಹರಿದ.

ಅಜ್ಜಿಯನ್ನು ಸಮಾಧಾನ ಮಾಡಿದ್ದು ಹೇಗೆ ಎಂಬುದು ಬೇರೆ ಕಥೆ. ಆ ಪೆಟ್ಟಿಗೆ ಏನು ಎಂಬುದನ್ನು ನಿಮಗಾದರೂ ಹೇಳಬೇಕಲ್ಲ?

ಅದಕ್ಕೆ ಮಾಡ್ಯುಲರ್ ಸಿಂಥಸೈಜರ್ ಎನ್ನುತ್ತಾರೆ. ಹೆಸರಿಗೆ ಹೆದರಬೇಡಿ. ಒಂದು ಡಬ್ಬಿ ಕರೆಂಟಿನಿಂದ ಸ್ವರ ಹುಟ್ಟಿಸುತ್ತದೆ. ಇನ್ನೊಂದು ಆ ಸ್ವರದ ಕರ್ಕಶವನ್ನು ಸೋಸುತ್ತದೆ. ಮತ್ತೊಂದು ದನಿ ಏರಿಸಿ ಇಳಿಸುತ್ತದೆ. ಯಾವ ಡಬ್ಬಿಯನ್ನು ಯಾವುದಕ್ಕೆ ಬೇಕಾದರೂ ವೈರು ಚುಚ್ಚಿ ಜೋಡಿಸಬಹುದು, ಬೇಡವಾದದ್ದನ್ನು ಕಿತ್ತು ಬೇರೆಯದನ್ನು ಕೂರಿಸಬಹುದು. ವಿದೇಶದಲ್ಲಿ ದೊಡ್ಡ ದೊಡ್ಡ ಸಂಗೀತಗಾರರು ಗೋಡೆಯಷ್ಟು ಅಗಲ ಇಟ್ಟುಕೊಂಡಿರುತ್ತಾರಂತೆ. ನಮ್ಮದು ಟೀವಿಯಷ್ಟು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ಮನೆಯಲ್ಲಿ ರೇಡಿಯೋ ಬಿಚ್ಚುವವಳು ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. (ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿದ್ದೀಯಾ ಎಂದು ಕೇಳಬೇಡಿ.) ಆದರೆ ಇದನ್ನು ಹುಚ್ಚಿಗೆ ಮಾಡಿದ್ದಲ್ಲ. ಮಾಮಾನಿಗಾಗಿ ಮಾಡಿದ್ದು.

ಮಸ್ಕಿಯಲ್ಲಿ ನನ್ನ ಸೋದರಮಾವ ಇದ್ದಾರೆ, ಅಮರಯ್ಯ ಮಾಸ್ತರು. ಶಾಲೆಯ ಮಾಸ್ತರಲ್ಲ, ಪೇಟಿ ಮಾಸ್ತರು. ಸುಗ್ಗಿ ಮುಗಿದು ಕೈ ಬಿಡುವಾದ ಮೇಲೆ ನಮ್ಮ ಕಡೆ ಊರೂರಲ್ಲೂ ನಾಟಕ ಕಲಿಯುತ್ತಾರಲ್ಲ, ಆಗ ಊರಿನವರು ಕರೆಸಿಕೊಳ್ಳುವ ಮಾಸ್ತರು. ಹಗಲೆಲ್ಲ ಕೆಸರಲ್ಲಿದ್ದವರನ್ನು ಸಂಜೆ ಗುಡಿಯ ಕಟ್ಟೆಯ ಮೇಲೆ ಕೂರಿಸಿ, ಹಾರ್ಮೋನಿಯಂ ಪೇಟಿ ಮುಂದಿಟ್ಟುಕೊಂಡು ಹಾಡು ಕಲಿಸಿ, ಮಾತು ಕಲಿಸಿ, ಬೈದು, ಅಳಿಸಿ, ಕೊನೆಗೆ ಸ್ಟೇಜಿಗೆ ಹತ್ತಿಸುವವರು. ತುರ್ವಿಹಾಳ, ಗೊರೇಬಾಳ, ಅತ್ತ ಗುರುಗುಂಟಾದ ತನಕ ಮಾಮಾ ಕಲಿಸದ ಊರಿಲ್ಲ. ಚಿಕ್ಕವಳಿದ್ದಾಗ ನನಗೂ ಪೇಟಿ ಕಲಿಸಿದವರು ಅವರೇ. (ನಾನು ಕಲಿಯಲಿಲ್ಲ, ಅದು ಅವರ ತಪ್ಪಲ್ಲ.)

ಕಳೆದ ಮಳೆಗಾಲದಲ್ಲಿ ಮಾಮಾನಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಹೋದವು. ಮಾತು ಉಳಿಯಿತು, ಸಿಟ್ಟು ಉಳಿಯಿತು, ಬಲಗೈಯ ಬೆರಳು ಮೊದಲಿನ ಹಾಗೇ ಉಳಿದವು. ಆದರೆ ಪೇಟಿ ಬಾರಿಸುವುದನ್ನು ನೀವು ನೋಡಿದ್ದೀರಿ. ಬಲಗೈ ಸ್ವರದ ಮನೆಗಳ ಮೇಲೆ ಓಡಾಡಿದರೆ, ಎಡಗೈ ಹಿಂದಿನ ತಿದಿ ಒತ್ತಿ ಗಾಳಿ ತುಂಬುತ್ತಿರಬೇಕು. ಗಾಳಿ ಇಲ್ಲದೆ ಬೆರಳು ಎಷ್ಟು ಕುಣಿದರೇನು? ಟಕಟಕ ಸದ್ದು ಬರುತ್ತದೆ, ಅಷ್ಟೇ.

ಊರಿನವರು ಉಪಾಯ ಹೇಳದೆ ಬಿಡುತ್ತಾರೆಯೇ? ಯಾರೋ ಕಾಲಿನಿಂದ ತುಳಿಯುವ ದೊಡ್ಡ ಪೇಟಿ ಹೊತ್ತು ತಂದರು. ಅದಕ್ಕೆ ಎರಡೂ ಕಾಲು ಒಂದಾದ ಮೇಲೊಂದು ಆಡಬೇಕು. ಒಂದೇ ಕಾಲಿಗೆ ಗಾಳಿ ಸಾಲಲಿಲ್ಲ. ವಾಪಸ್ ಹೊತ್ತುಕೊಂಡು ಹೋದರು.

ಅತ್ತೆ ತಾನೇ ತಿದಿ ಒತ್ತುತ್ತೇನೆ ಎಂದು ಪಕ್ಕದಲ್ಲಿ ಕೂತರು. ಮಾಮಾ ದನಿ ಇಳಿಸುವಲ್ಲಿ ಅತ್ತೆ ಜೋರಾಗಿ ಒತ್ತಿದರು. ಏರಿಸುವಲ್ಲಿ ಬಾಗಿಲಿಗೆ ಬಂದ ಹಾಲಿನವಳ ಜೊತೆ ಮಾತಿಗಿಳಿದರು. ಒಲೆ ಊದುತ್ತಿದ್ದೀಯೇನು ಎಂದು ಮಾಮಾ ರೇಗಿದರು. ಇಷ್ಟು ವರ್ಷ ನಿಮ್ಮ ಸಂಸಾರಕ್ಕೆ ಊದಿದ್ದು ಸಾಲದೇನು ಎಂದು ಅತ್ತೆ ಎದ್ದೇ ಹೋದರು. ಗಂಡ ಹೆಂಡತಿ ಸೇರಿ ಒಂದೇ ಪೇಟಿ ಬಾರಿಸುವುದು ಸಾಧ್ಯವಿದ್ದರೆ ಈ ದೇಶದಲ್ಲಿ ಅರ್ಧ ಕೋರ್ಟು ಮುಚ್ಚುತ್ತಿದ್ದವು.

ಆಮೇಲೆ ಲಿಂಗಸುಗೂರಿನಿಂದ ಮಾಮಾನ ಅಳಿಯ ಮಲ್ಲು ಬಂದ. ಅಲ್ಲಿ ಆರ್ಕೆಸ್ಟ್ರಾ ನಡೆಸುತ್ತಾನೆ. ಒಂದು ಎಲೆಕ್ಟ್ರಾನಿಕ್ ಕೀಬೋರ್ಡ್ ತಂದಿದ್ದ. ಗಾಳಿ ಬೇಡ, ತಿದಿ ಬೇಡ, ಒಂದು ಕೈ ಸಾಕು. ತೋರಿಸೋಣವೆಂದು ಡೆಮೊ ಬಟನ್ ಒತ್ತಿದ. ಅದು ತಾಳ, ಸ್ವರ, ಜೊತೆಗೆ ಪಿಟೀಲು, ಎಲ್ಲವನ್ನೂ ತಾನೇ ಬಾರಿಸತೊಡಗಿತು. ಮಾಮಾ ಕಡೇ ತನಕ ತಾಳ್ಮೆಯಿಂದ ಕೇಳಿದರು.

"ಎಲ್ಲಾ ಅದಾ ಬಾರಸತೈತಿ. ಮತ್ತ ನಾ ಏನ್ ಮಾಡ್ಲಿ? ಚಪ್ಪಾಳಿ ಹೊಡೀಲೇನು? ಅದಕ್ಕೂ ಎರಡು ಕೈ ಬೇಕಲ್ಲೋ ಮಲ್ಲು."

ಮಲ್ಲು ಕೀಬೋರ್ಡ್ ಕಂಕುಳಲ್ಲಿಟ್ಟುಕೊಂಡು ಸಂಜೆಯ ಬಸ್ಸು ಹತ್ತಿದ.

ಅಷ್ಟೇ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ. ಹಟಮಾರಿ ಮುದುಕ, ಏನು ಮಾಡುವುದು ಎಂದುಕೊಂಡು. ಆದರೆ ಒಂದು ದಿನ ಅತ್ತೆ ಸಿಂಧನೂರಿಗೆ ಬಂದರು. ಚಹಾ ಕೊಟ್ಟರೆ ಕುಡಿಯದೆ ಲೋಟ ಹಿಡಿದು ಕೂತರು. ಗೊರೇಬಾಳದವರು ಈ ಸಲವೂ ಕರೆಯಲು ಬಂದಿದ್ದರು, ಮಾಮಾ ಬರುವುದಿಲ್ಲ ಎಂದು ಕಳಿಸಿಬಿಟ್ಟರು ಎಂದರು. ಮಾಸ್ತರಿಲ್ಲದೆ ನಾಟಕ ಎಲ್ಲಿಯದು, ಈ ವರ್ಷ ವಿಡಿಯೋ ತರಿಸಿ ಸಿನಿಮಾ ತೋರಿಸಿಬಿಡುತ್ತೇವೆ ಎಂದು ಅವರೂ ಎದ್ದರಂತೆ. ಅದನ್ನು ಹೇಳುವಾಗ ಅತ್ತೆಯ ಕಣ್ಣಲ್ಲಿ ನೀರಿರಲಿಲ್ಲ. ಮುಂದಿನ ಮಾತಿಗೆ ಬಂತು.

"ಜಳಕ ಮಾಡೂವಾಗ ಸೈತ ಒಂದು ಹಾಡು ಗುನುಗವಲ್ರು ಬೇ ನೀಲಾ. ಬಚ್ಚಲದಾಗ ಯಾರೂ ಇಲ್ದಂಗ ಅನಸತೈತಿ."

ನನ್ನ ಮಾಮಾ ಬಚ್ಚಲಲ್ಲಿ ಹಾಡಿದರೆ ಮಸ್ಕಿಯ ಬಸ್ ಸ್ಟ್ಯಾಂಡಿನ ತನಕ ಕೇಳುತ್ತಿತ್ತು. ನೀರು ಆರುವ ತನಕ ಹಾಡುತ್ತಿದ್ದರು. ಅವರು ಸುಮ್ಮನೆ ಮೈ ತೊಳೆದುಕೊಂಡು ಹೊರಗೆ ಬರುತ್ತಾರೆ ಎಂದರೆ ನನಗೆ ತಡೆಯಲಾಗಲಿಲ್ಲ. ಅಳು ಬಂತು. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಸ್ಕ್ರೂಡ್ರೈವರ್ ಹುಡುಕುತ್ತೇನೆ.

ಎಲೆಕ್ಟ್ರಾನಿಕ್ಸ್ ಪತ್ರಿಕೆಯೊಂದರ ಹಳೆಯ ಸಂಚಿಕೆಗಳಲ್ಲಿ ಈ ಡಬ್ಬಿಗಳ ಚಿತ್ರ ನೋಡಿದ್ದೆ. ಸಾಮಾನಿಗೆ ಹೈದರಾಬಾದಿಗೆ ಹೋಗುವವರಿಗೆಲ್ಲ ಚೀಟಿ ಕೊಟ್ಟೆ. ನನ್ನ ಬಾಲ್ಯದ ಪೇಟಿ ಅಟ್ಟದಲ್ಲಿತ್ತು, ಅದರ ತಿದಿಯನ್ನು ಇಲಿ ತಿಂದಿತ್ತು, ಬೆರಳಿಡುವ ಸ್ವರದ ಮನೆಗಳು ಮಾತ್ರ ಗಟ್ಟಿ ಇದ್ದವು. ಒಂದೊಂದು ಮನೆಯ ಕೆಳಗೂ ತಾಮ್ರದ ಪಟ್ಟಿ ಕೂರಿಸಿದೆ. ಪಿಕ್ಚರ್ ಟ್ಯೂಬ್ ಸತ್ತ ಹಳೆಯ ಟೀವಿಯನ್ನು ಬಡಿಗೇರ ಮೌನೇಶಪ್ಪನ ಹತ್ತಿರ ಒಯ್ದು ಒಳಗೆ ಖಾನೆ ಮಾಡಿಸಿದೆ. ಆರು ಖಾನೆ ಬಂದವು. ಏಳು ಮಾಡಿಕೊಡಪ್ಪಾ ಎಂದೆ. ಏಳು ಬೇಕಾದರೆ ದೊಡ್ಡ ಟೀವಿ ತನ್ನಿ ಎಂದ.

ಆರು ಖಾನೆ. ಯಾರನ್ನು ಕೂರಿಸುವುದು?

ಮದುವೆಗೆ ಹೊರಟ ಜೀಪು ನೋಡಿದ್ದೀರಲ್ಲ? ಎಲ್ಲರೂ ಬೇಕಾದವರೇ, ಜಾಗ ಮಾತ್ರ ಇಲ್ಲ. ನನ್ನ ಸ್ಥಿತಿ ಅದೇ ಆಯಿತು. ಪತ್ರಿಕೆಯಲ್ಲಿ ಒಂದಕ್ಕಿಂತ ಒಂದು ಚಂದದ ಡಬ್ಬಿಗಳಿದ್ದವು. ಹಕ್ಕಿಯಂತೆ ಕೂಗುವುದು, ಗಂಟೆಯಂತೆ ಬಾರಿಸುವುದು, ಒಂದು ಸಲ ಬಾರಿಸಿದ್ದನ್ನು ನೆನಪಿಟ್ಟು ತಾನೇ ಮತ್ತೆ ಬಾರಿಸುವುದು. (ಕೊನೆಯದನ್ನು ಮಾಮಾ ಬಾವಿಗೆ ಹಾಕುತ್ತಾರೆಂದು ಮೊದಲೇ ಬಿಟ್ಟೆ.)

ಸ್ಟಾಫ್ ರೂಮಿನಲ್ಲಿ ಸುಳಿವು ಕೊಟ್ಟಿದ್ದೇ ತಪ್ಪಾಯಿತು. ಹಿಂದಿ ಮೇಡಂ ಶಹನಾಯಿ ಬರುವಂತೆ ಮಾಡಿ ಎಂದರು. ಡ್ರಿಲ್ ಮಾಸ್ತರು ಸೀಟಿ ಕೇಳಿದರು. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ರೈಲು ಬೇಕಂತೆ. ನಮ್ಮ ಊರಿಗೆ ಅಂತೂ ರೈಲು ಬರಲಿಲ್ಲ, ಡಬ್ಬಿಯಲ್ಲಾದರೂ ಬರಲಿ ಎಂದು ಅವರ ವಾದ. ಯಾರೂ ಮಾಮಾನಿಗೆ ಏನು ಬೇಕು ಎಂದು ಕೇಳಲಿಲ್ಲ. ನಾನೂ ಕೇಳಲಿಲ್ಲ. ಗುಟ್ಟಾಗಿರಲಿ, ಒಮ್ಮೆಲೇ ಮುಂದಿಟ್ಟು ಬೆರಗು ಮಾಡೋಣ ಎಂಬ ಆಸೆ.

ನಾಲ್ಕು ಡಬ್ಬಿಗಳ ವಿಷಯದಲ್ಲಿ ಜಗಳವಿರಲಿಲ್ಲ. ಸ್ವರದ್ದು ಬೇಕೇ ಬೇಕು. ಹಿಂದೆ ಶ್ರುತಿಯ ಹಾಗೆ ಒಂದೇ ಸುರ ಹಿಡಿದು ನಿಲ್ಲಲು ಇನ್ನೊಂದು ಸ್ವರದ ಡಬ್ಬಿ ಬೇಕು. ಸೋಸುವ ಜರಡಿ ಡಬ್ಬಿ ಬೇಕು. ದನಿ ಏರಿಸಿ ಇಳಿಸುವ ಡಬ್ಬಿಯೂ ಬೇಕು, ಅದಕ್ಕೆ ಹೊಲಿಗೆ ಮಷಿನ್ನಿನ ಪೆಡಲ್ ಜೋಡಿಸಿದೆ. ಬಲಗಾಲಿನಿಂದ ಒತ್ತಿದರೆ ದನಿ ಜೋರು, ಬಿಟ್ಟರೆ ಸಣ್ಣ. ಐದನೆಯದು ಸ್ವರವನ್ನು ಸಣ್ಣಗೆ ನಡುಗಿಸುವ ಡಬ್ಬಿ, ಗಮಕಕ್ಕೆ ಇರಲಿ ಎಂದು.

ಆರನೆಯ ಖಾನೆಗೆ ಇಬ್ಬರು ಉಳಿದರು. ಒಂದು ಎಕೋ. ಇನ್ನೊಂದು, 'ಸೋ' ಎನ್ನುವ ಡಬ್ಬಿ. ಸ್ವರವೇ ಇಲ್ಲದ ಬರೀ ಸದ್ದು, ಸ್ಟೇಷನ್ ಸಿಗದಿದ್ದಾಗ ರೇಡಿಯೋ ಮಾಡುತ್ತದಲ್ಲ, ಅದು. ಮಾಡಲು ಸುಲಭವೆಂದು ಎಲ್ಲಕ್ಕಿಂತ ಮೊದಲು ಅದನ್ನೇ ಮಾಡಿಟ್ಟಿದ್ದೆ.

ಆ ಸದ್ದು ಹಳೆಯ ರೇಡಿಯೋದಲ್ಲೇ ಪುಕ್ಕಟೆ ಬರುತ್ತದಲ್ಲ ಎಂದರು ನಮ್ಮ ಮನೆಯವರು. ಅವರ ಓಟು ಎಕೋಗೆ. ಸುಳ್ಳು ಯಾಕೆ ಹೇಳಲಿ, ನನ್ನದೂ ಎಕೋಗೆ. ನಮ್ಮ ಕಡೆ ಎಕೋ ಇಲ್ಲದ ಮೈಕು ಮೈಕೇ ಅಲ್ಲ. ಸತ್ಯನಾರಾಯಣ ಪೂಜೆಯ ಪ್ರಸಾದಕ್ಕೆ ಬನ್ನಿ, ಬನ್ನಿ, ಬನ್ನಿ ಎಂದು ಕೇಳಿಸಿದರೇ ಜನ ಬರುವುದು. ಎಕೋ ಗೆದ್ದಿತು. ಸೋ ಎನ್ನುವ ಡಬ್ಬಿಯನ್ನು ಟವಲ್ಲಿನಲ್ಲಿ ಸುತ್ತಿ, ಮಕ್ಕಳಿಗೆ ಪಾಠಕ್ಕಾದೀತು ಎಂದು ನನ್ನ ವ್ಯಾನಿಟಿ ಬ್ಯಾಗಿಗೆ ತುರುಕಿದೆ. ಅಲ್ಲಿಂದ ತೆಗೆಯಲು ಮರೆತೆ. (ನನ್ನ ಬ್ಯಾಗಿನಲ್ಲಿ ಏನೇನಿದೆ ಎಂಬುದು ನನಗೂ ತಿಳಿಯದು.)

ಹೀಗೆ ಆ ಭಾನುವಾರ ನಾನು ಮಸ್ಕಿಯಲ್ಲಿ ಇಳಿದದ್ದು.

ಮಾಮಾ ಕಟ್ಟೆಯ ಮೇಲೆ ರಸ್ತೆ ನೋಡುತ್ತ ಕೂತಿದ್ದರು. ಟೀವಿ ಯಾಕೆ ತಂದೆ, ನನಗೆ ಹೊತ್ತು ಹೋಗುತ್ತಿಲ್ಲ ಎಂದು ಯಾರು ಹೇಳಿದರು ಎಂದು ಶುರು ಮಾಡಿದರು. ನಾನು ಪೇಟಿಯ ಮನೆಗಳನ್ನು ಅವರ ಮುಂದಿಟ್ಟೆ. ನೋಡಿದ ಕೂಡಲೇ ಗುರುತು ಹಿಡಿದರು. ಇಲಿ ತಿಂದ ಪೇಟಿ ಅಲ್ಲವೇ ಎಂದರು. ಪೆಡಲನ್ನು ಬಲಗಾಲ ಕೆಳಗಿಟ್ಟೆ. ಒಂದು ಬೆರಳಿಟ್ಟರು. ಕಾಲು ಒತ್ತಿದರು.

ಸ್ವರ ಎದ್ದಿತು.

ಕಾಲು ಸಡಿಲ ಬಿಟ್ಟರು, ಇಳಿಯಿತು. ಮತ್ತೆ ಒತ್ತಿದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈಸದ್ದು ನಿಂತಿತು. ಮಾಮಾ ನನ್ನ ಮುಖ ನೋಡಲಿಲ್ಲ. ಇದು ಯಾಕೆ ಚಳಿಜ್ವರ ಬಂದವರಂತೆ ನಡುಗುತ್ತದೆ ಎಂದು ಗದರಿದರು. ಐದನೆಯ ಡಬ್ಬಿಯ ಗುಂಡಿ ತಿರುಗಿಸಿ ನಡುಕ ಕಡಿಮೆ ಮಾಡಿದೆ. ಸಾಕು, ಒಂಚೂರು ಇರಲಿ, ನನ್ನ ಪೇಟಿಯೂ ಹೀಗೇ ಸಣ್ಣಗೆ ನಡುಗುತ್ತಿತ್ತು ಎಂದರು. ಸುರ ಇನ್ನೂ ಇಳಿಸು ಎಂದರು. ಇಳಿಸಿದೆ. ಆಮೇಲೆ ಬಹಳ ಹೊತ್ತು ಬಾರಿಸುತ್ತಿದ್ದರು. ರೊಟ್ಟಿ ಸೀದ ವಾಸನೆ ಬಂತು, ಯಾರೂ ಎದ್ದು ಹೋಗಲಿಲ್ಲ.

ಹಾಗಾದರೆ ಗೊರೇಬಾಳಕ್ಕೆ ಹೇಳಿ ಕಳಿಸಲೇ ಎಂದು ಕೇಳಿದೆ. ಅಷ್ಟು ಸುಲಭಕ್ಕೆ ಒಪ್ಪುವ ಜನ್ಮವೇ?

"ನಾ ಬಾರಿಸೂದು ದೊಡ್ಡ ಮಾತಲ್ಲ. ಅದರ ಮುಂದ ಯಂಕಪ್ಪ ಹಾಡಬೇಕು. ಅಂವ ಹಾಡಿದ್ರ ಬರ್ತೀನಿ. ಇಲ್ಲಾಂದ್ರ ಅವರು ವಿಡಿಯೋ ಹಚಗೊಳ್ಲಿ, ನಾ ಕಟ್ಟಿ ಮ್ಯಾಲ ಕುಂದರ್ತೀನಿ."

ಯಂಕಪ್ಪ ಗೊರೇಬಾಳದ ರೈತ. ಪ್ರತಿ ವರ್ಷ ನಾಟಕದಲ್ಲಿ ಅಣ್ಣನ ಪಾರ್ಟು ಅವನದೇ. ಗಂಟಲು ತೆರೆದರೆ ಕಾಲುವೆಯ ಆಚೆಯ ಗದ್ದೆಗೆ ಕೇಳಬೇಕು. ಒಂದೇ ತೊಂದರೆ, ಹಾಡು ಶುರು ಮಾಡಿದ ಶ್ರುತಿಯಲ್ಲಿ ಮುಗಿಸುವುದಿಲ್ಲ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಒಂದು ಮೆಟ್ಟಿಲು ಏರಿರುತ್ತಾನೆ. ಅವನ ಹಿಂದೆ ಓಡಿ ಹಿಡಿಯುವ ಮಾಸ್ತರು ಈ ಸೀಮೆಯಲ್ಲಿ ಮಾಮಾ ಒಬ್ಬರೇ.

ಮುಂದಿನ ಭಾನುವಾರ ಗೊರೇಬಾಳದ ಗುಡಿಯ ಮುಂದೆ ತಾಲೀಮು ಇಟ್ಟರು. ಮಾಮಾನನ್ನು ಮಸ್ಕಿಯಿಂದ ಕರೆತರಲು ಜೀಪು ಕಳಿಸಿದರು. ಕರೆಂಟ್ ಇರಲಿಲ್ಲ. (ಇದ್ದಿದ್ದರೆ ಅದನ್ನೇ ದೊಡ್ಡ ಸುದ್ದಿ ಎಂದು ಬರೆಯುತ್ತಿದ್ದೆ.) ಯಂಕಪ್ಪ ತನ್ನ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದ. ಮಧ್ಯಾಹ್ನ ಗೊಬ್ಬರ ಹೊರಬೇಕು, ಅಷ್ಟರೊಳಗೆ ಮರಳಿ ಕೊಡಿ ಎಂದ.

ಎಕೋ ಕೇಳಿ ಊರೇ ಖುಷಿಯಾಯಿತು. ಮೈಕು ಕೊಟ್ಟೆ. ಯಂಕಪ್ಪ ತನ್ನ ಹೆಸರು ಹೇಳಿದ. ಯಂಕಪ್ಪ, ಯಂಕಪ್ಪ, ಯಂಕಪ್ಪ ಎಂದಿತು ಪೆಟ್ಟಿಗೆ. ಸಾಲು ಹಿಡಿದು ಎಲ್ಲರೂ ಹೆಸರು ಹೇಳಿದರು. ನಮ್ಮ ಮನೆಯವರು ಕೂಡ ಹೇಳಿ ಬಂದರು. ನನ್ನ ಆಯ್ಕೆ ಎಷ್ಟು ಬರೋಬ್ಬರಿ ಎಂದು ನಾನು ಬೀಗುತ್ತ ನಿಂತೆ.

ಮಾಮಾ ಕೂತರು. ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಹಾಡಿನ ಮುಂಚಿನ ಸ್ವರ ಬಾರಿಸಿದರು. ಚಂದ ಬಂತು. ಯಂಕಪ್ಪ ಎದೆಗೆ ಕೈಕಟ್ಟಿ ನಿಂತಿದ್ದ. ಬಾಯಿ ತೆರೆದ.

ದನಿ ಬರಲಿಲ್ಲ.

ಮಾಮಾ ಮತ್ತೊಮ್ಮೆ ಬಾರಿಸಿದರು. ಯಂಕಪ್ಪ ತಲೆಯಾಡಿಸಿದ, ಬಾಯಿ ತೆರೆದ, ಮುಚ್ಚಿದ. ಮೂರನೇ ಸಲ ಶುರು ಮಾಡಿದ, ತೀರಾ ತಡವಾಗಿ, ಅರ್ಧಕ್ಕೇ ನಿಂತ. ಮರೆತಿದ್ದಾನೆ ಎಂದರು ಯಾರೋ. ವರ್ಷಗಳಿಂದ ಹಾಡುತ್ತಿರುವ ಹಾಡು, ಮರೆಯುವುದೆಂದರೇನು? ಯಂಕಪ್ಪನ ಮುಖದಲ್ಲಿ ಬೆವರು ಕಿತ್ತುಕೊಂಡು ಬಂತು.

ಮಾಮಾ ಮನೆಗಳ ಮೇಲಿಂದ ಬೆರಳು ತೆಗೆದರು. ನನ್ನ ಕಡೆ ಬಾಗಿ, ಮನೆಗೆ ಹೋಗೋಣ ನಡಿ ಎಂದರು, ಮೆಲ್ಲಗೆ. ಅವರು ಗದರಿದ್ದರೆ ನನಗೆ ಧೈರ್ಯ ಇರುತ್ತಿತ್ತು. ಒಂದು ಚಹಾ ಕುಡಿಯುವ ತನಕ ತಡೀರಿ ಮಾಮಾ ಎಂದೆ.

ಚಹಾ ಬರುವಷ್ಟರಲ್ಲಿ ಯಂಕಪ್ಪ ಬಂದು ಮಾಮಾನ ಮುಂದೆ ಕುಕ್ಕರಗಾಲಲ್ಲಿ ಕೂತ. ತಪ್ಪು ಮಾಡಿದವನ ಹಾಗೆ ನೆಲ ಕೆರೆಯುತ್ತ ಹೇಳಿದ.

"ಹ್ಯಾಂಗ ಹೇಳ್ಬೇಕೋ ತಿಳೀವಲ್ದು ಮಾಸ್ತರ. ನೀವು ಮೊದ್ಲ ತಿದಿ ಎಳದಾಗ ನಿಮ್ಮ ಪೇಟಿ 'ಹುಸ್' ಅಂತ ಉಸುರು ತಗೊಂತಿತ್ತು. ಅದರ ಕೂಡ ನಾನೂ ಉಸುರು ತಗೊಂತಿದ್ದೆ. ಇದು ಉಸುರಾ ತಗೊಳ್ಳವಲ್ದು. ನಾ ಎಲ್ಲಿ ತಗೊಳ್ಲಿ?"

ತಂಗಿಯ ಪಾರ್ಟಿನ ಹುಡುಗ, ಹೌದು, ನಾನೂ ಹಾಗೇ ಮಾಡುತ್ತಿದ್ದೆ ಎಂದ. ವಿಲನ್ನೂ ಹೌದೆಂದ. ಇಷ್ಟು ವರ್ಷ ಇಡೀ ಊರು ಒಂದು ಪೇಟಿಯ ಉಸಿರು ಕೇಳಿ ಹಾಡಿಗೆ ಇಳಿಯುತ್ತಿತ್ತು, ಅದು ಊರಿಗೂ ಗೊತ್ತಿರಲಿಲ್ಲ, ಮಾಮಾನಿಗೂ ಗೊತ್ತಿರಲಿಲ್ಲ. ಮಾಮಾ ತಮ್ಮ ಎಡಗೈಯನ್ನೇ ನೋಡುತ್ತಿದ್ದರು. ಹಾಡು ಕಲಿಸಿದ್ದು ಬಲಗೈ ಎಂದು ಅವರೂ ತಿಳಿದಿದ್ದರಲ್ಲ.

ನಾನು ಬ್ಯಾಗು ಬೋರಲು ಹಾಕಿದೆ. ಬಾಚಣಿಗೆ, ಸೀಮೆಸುಣ್ಣ, ಅರ್ಧ ತಿಂದ ಶೇಂಗಾ ಚಿಕ್ಕಿ, ಆಮೇಲೆ ಟವಲ್ಲಿನಲ್ಲಿ ಸುತ್ತಿದ ಡಬ್ಬಿ.

ಕೂರಿಸಲು ಖಾನೆ ಖಾಲಿ ಇರಬೇಕಲ್ಲ? ಎಕೋದ ಮೇಲೆ ಕೈ ಇಟ್ಟೆ. ಹುಡುಗರು ಹೋ ಎಂದರು. ಬೇಕಾದರೆ ನಡುಗಿಸುವುದನ್ನು ತೆಗೆಯಿರಿ, ಇದನ್ನು ಮುಟ್ಟಬೇಡಿ ಎಂದು ನಮ್ಮ ಮನೆಯವರೂ ಅವರ ಪಕ್ಷ ಸೇರಿದರು. ಆ ನಡುಕ ಮಾಮಾನ ಪೇಟಿಯದು, ಅದನ್ನು ನಾನು ತೆಗೆಯುವುದಿಲ್ಲ ಎಂದೆ. ಕೊನೆಗೆ ಯಂಕಪ್ಪನೇ ತೀರ್ಮಾನ ಹೇಳಿದ. ತನ್ನ ಹೆಸರು ತನಗೆ ಒಂದು ಸಲ ಕೇಳಿದರೆ ಸಾಕಂತೆ.

ಎಕೋ ಹೊರಗೆ ಬಂತು, ಸೋ ಒಳಗೆ ಹೋಯಿತು. ಪೆಡಲಿನ ವೈರಿಗೆ ಎರಡು ತುದಿ. ಒಂದು ಮೊದಲೇ ದನಿ ಏರಿಸಿ ಇಳಿಸುವ ಡಬ್ಬಿಗೆ ಇತ್ತು, ಇನ್ನೊಂದನ್ನು ಇದಕ್ಕೆ ಕೊಟ್ಟೆ. ಪೆಡಲ್ ಕೆಳಗಿಳಿದರೆ ಸ್ವರ, ಮೇಲೆದ್ದರೆ ಗಾಳಿ. ಮೊದಲ ಸಲ ಒಗ್ಗರಣೆಗೆ ಸಾಸಿವೆ ಬಿದ್ದಂತೆ ಚರ್ ಎಂದಿತು, ಜನ ನಕ್ಕರು. ಜರಡಿ ಡಬ್ಬಿಗೆ ಹಾಯಿಸಿ ಗುಂಡಿ ತಿರುಗಿಸುತ್ತ ಹೋದೆ. ಚರ್ ಎಂಬುದು ಸರ್ ಆಯಿತು. ಸರ್ ಎಂಬುದು ಹುಸ್ ಆಯಿತು. ಸಾಕು ಎಂದು ಮಾಮಾ ಬೆರಳೆತ್ತಿದರು.

ಅವರು ಪೆಡಲನ್ನು ಒಮ್ಮೆ ನಿಧಾನವಾಗಿ ಮೇಲಕ್ಕೆ ಬಿಟ್ಟರು. ಹುಸ್.

ಯಂಕಪ್ಪನ ಎದೆ ಉಬ್ಬಿತು. ನಾನು ಕಣ್ಣಾರೆ ನೋಡಿದೆ, ಅವನು ಬೇಕೆಂದು ಉಬ್ಬಿಸಿದ್ದಲ್ಲ. ಪೆಡಲ್ ಇಳಿಯಿತು, ಸ್ವರ ಎದ್ದಿತು, ಅದರ ಬೆನ್ನಿಗೇ ಅವನ ಗಂಟಲು. ಗುಡಿಯ ಮೇಲಿನ ಪಾರಿವಾಳ ಎದ್ದವು. ಎರಡನೇ ಸಾಲಿಗೆ, ಪದ್ಧತಿಯ ಪ್ರಕಾರ, ಒಂದು ಮೆಟ್ಟಿಲು ಏರಿಬಿಟ್ಟ. ಮಾಮಾನ ಬೆರಳು ಅವನಿಗಿಂತ ಮೊದಲೇ ಅಲ್ಲಿ ಹೋಗಿ ಕೂತಿದ್ದವು. ಕಣ್ಣು ಮುಚ್ಚಿದ್ದರು. ಎಡಗೈ ತೊಡೆಯ ಮೇಲೆ ಸುಮ್ಮನೆ ಮಲಗಿತ್ತು, ಬಲಗಾಲು ಉಸಿರಾಡುತ್ತಿತ್ತು. ನನಗೆ ಮತ್ತೆ ಅಳು. ನಮ್ಮ ಮನೆಯವರು ಬಂದು ಪಕ್ಕದಲ್ಲಿ ನಿಂತರು, ಈ ಸಲ ಜಾಗ ಸಿಕ್ಕಿತು.

ಟ್ರ್ಯಾಕ್ಟರ್ ಆ ಮಧ್ಯಾಹ್ನ ಗೊಬ್ಬರ ಹೊರಲಿಲ್ಲ. ಬ್ಯಾಟರಿಯನ್ನು ಯಂಕಪ್ಪನೂ ಕೇಳಲಿಲ್ಲ, ಮಾಮಾನೂ ಬಿಡಲಿಲ್ಲ. ವಿಡಿಯೋದ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಅಲ್ಲಿಂದ ಬಂದಾಗಿನಿಂದ ನಾನು ಯೋಚಿಸುತ್ತಿದ್ದೇನೆ. ಮೊದಲ ಸಲ ಏನನ್ನೇ ಕಟ್ಟಲಿ, ನಾವು ಮೊದಲು ಎಕೋವನ್ನೇ ಯಾಕೆ ಆರಿಸುತ್ತೇವೆ? ಮನೆ ಕಟ್ಟುವವರು ಶೋಕೇಸಿಗೆ ಗೋಡೆ ಬಿಡುತ್ತಾರೆ, ಅಡಿಗೆಮನೆಗೆ ಕಿಟಕಿ ಮರೆಯುತ್ತಾರೆ. ಶಾಲೆಗಳು ಗ್ಯಾದರಿಂಗಿಗೆ ಹೊಸ ಮೈಕು ತರುತ್ತವೆ, ಮಕ್ಕಳು ಕುಡಿಯುವ ನೀರಿಗೆ ಪಕ್ಕದ ಮನೆಗೆ ಹೋಗುತ್ತಾರೆ. ಮದುವೆಗೆ ಬ್ಯಾಂಡು ಮೊದಲು ಗೊತ್ತಾಗುತ್ತದೆ, ಹುಡುಗಿಗೆ ಹುಡುಗ ಇಷ್ಟವೇ ಎಂಬುದು ಕೊನೆಗೆ, ಅದೂ ಯಾರಿಗಾದರೂ ನೆನಪಾದರೆ. ಉಸಿರಿಗೆ ಸ್ವರವಿಲ್ಲ, ತಾಳವಿಲ್ಲ, ತೋರಿಸಿಕೊಳ್ಳಲು ಏನೂ ಇಲ್ಲ. ಅದಕ್ಕೇ ಅದು ಟವಲ್ಲಿನೊಳಗೆ, ಬ್ಯಾಗಿನ ತಳದಲ್ಲಿ ಇರುತ್ತದೆ.

ಆದರೆ ಬ್ಯಾಗಿನಲ್ಲಿ ಇತ್ತಲ್ಲ, ಅದು ನನ್ನ ಪುಣ್ಯ. ಡಬ್ಬಿ ಕಿತ್ತು ಡಬ್ಬಿ ಕೂರಿಸಲು ಬಂತಲ್ಲ, ಅದು ಇನ್ನೂ ದೊಡ್ಡ ಪುಣ್ಯ. ಮೊದಲ ಸಲವೇ ಸರಿಯಾಗಿ ಆರಿಸಬೇಕು ಎಂಬ ಹೆದರಿಕೆ ನನಗೆ ಈಗ ಇಲ್ಲ.

ಮಾಮಾ ಈಗ ಗೊರೇಬಾಳದಲ್ಲೇ ಠಿಕಾಣಿ ಹೂಡಿದ್ದಾರೆ, ವಾರಕ್ಕೊಮ್ಮೆ ಮಸ್ಕಿಗೆ ಬರುತ್ತಾರೆ. ಮೊನ್ನೆ ನೋಡಿಕೊಂಡು ಬರಲು ಹೋಗಿದ್ದೆ. ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದವಳಿಗೆ ದೂರದಿಂದಲೇ ದನಿ ಕೇಳಿಸಿತು. ಮನೆಗೆ ಹೋದರೆ ಬಚ್ಚಲ ಬಾಗಿಲು ಮುಚ್ಚಿದೆ, ಒಳಗೆ ಅಣ್ಣನ ಪಾರ್ಟು, ತಂಗಿಯ ಪಾರ್ಟು, ವಿಲನ್ನಿನದು, ಎಲ್ಲ ಹಾಡೂ ಒಬ್ಬರೇ ಹಾಡುತ್ತಿದ್ದಾರೆ. ಅತ್ತೆ ಹೊರಗೆ ಟವಲ್ಲು ಹಿಡಿದು ನಿಂತಿದ್ದರು. ನೀರು ಆರಿ ಯಾವ ಕಾಲವಾಯಿತೋ ಎಂದರು. ರೊಟ್ಟಿಯೂ ಆರಿತು ಎಂದರು. ಸಿಟ್ಟಿನ ಮುಖ ಮಾಡಲು ನೋಡಿದರು, ಆಗಲಿಲ್ಲ.

"ಆರೂ ಖಾನಿ ತುಂಬಿಸಿಯಲ್ಲಬೇ ನೀಲಾ, ಇವರನ್ನ ಬಂದ್ ಮಾಡೂ ಗುಂಡಿ ಯಾವ ಖಾನ್ಯಾಗ ಇಟ್ಟಿ?"